ಗುಜರಿಗೆ ಹಾಕುವ ಮುನ್ನ ಟಿವಿ ಗೇಮ್ ಹಾಡು ಒಮ್ಮೆ ಕೇಳಿ!

ಧರ್ಮಪುರಿ: ಸೇಲಂ, ಧರ್ಮಪುರಿ ಜಿಲ್ಲೆಗಳ ಕನ್ನಡ ಮನೆಗಳಲ್ಲಿ 1990ರ ದಶಕದಲ್ಲಿ ಬೆಳೆದ ಅನೇಕರಿಗೆ ಬೇಸಿಗೆ ರಜೆ ಎಂದರೆ ಟಿವಿ ಗೇಮ್. "ಒಂದೇ ಒಂದ್ ಲೆವೆಲ್ ಅಮ್ಮಾ, ಆಮೇಲೆ ಆಫ್ ಮಾಡ್ತೀನಿ" ಎನ್ನುತ್ತಾ ಮಧ್ಯಾಹ್ನವಿಡೀ ಮಾರಿಯೋನನ್ನು ಓಡಿಸಿದ್ದೇ ಓಡಿಸಿದ್ದು. ಆ ಪೆಟ್ಟಿಗೆ ಈಗ ಅಟ್ಟ ಸೇರಿದೆ, ಇಲ್ಲವೇ 'ಕಾಯಲಾನ್ ಕಡೈ'ಗೆ ಹೋಗಿದೆ. ಆದರೆ ಅದರಲ್ಲಿ ನಾವು ಕೇಳುತ್ತಿದ್ದ ಹಾಡು ಜಪಾನಿನ ಮಕ್ಕಳು ಕೇಳಿದ ಹಾಡಿಗಿಂತ ಬೇರೆಯಾಗಿತ್ತು ಅಂದ್ರೆ ನಂಬ್ತೀರಾ?

ನಿಧಾನ ನಡೆಯ ಮಾರಿಯೋ

ಜಪಾನಿನ ನಿಂಟೆಂಡೊ ಕಂಪನಿ 1983ರಲ್ಲಿ 'ಫ್ಯಾಮಿಲಿ ಕಂಪ್ಯೂಟರ್' ಎಂಬ ಗೇಮ್ ಪೆಟ್ಟಿಗೆ ಹೊರತಂದಿತು. ಅದಕ್ಕಾಗಿ 1985ರಲ್ಲಿ ಬಂದ 'ಸೂಪರ್ ಮಾರಿಯೋ ಬ್ರದರ್ಸ್' ಆಟಕ್ಕೆ ಸಂಗೀತ ಕಟ್ಟಿದವರು ಕೋಜಿ ಕೊಂಡೊ. ನಮ್ಮಲ್ಲಿಗೆ ಬಂದದ್ದು ಬಹುತೇಕ ಆ ಪೆಟ್ಟಿಗೆಯ ನಕಲುಗಳು. ಮೀಡಿಯಾ, ಲಿಟಲ್ ಮಾಸ್ಟರ್ ಎಂಬ ಹೆಸರುಗಳು ಹಲವರಿಗೆ ನೆನಪಿರಬಹುದು.

ಜಪಾನಿನ ಟಿವಿಯಲ್ಲಿ ಚಿತ್ರ ಸೆಕೆಂಡಿಗೆ 60 ಬಾರಿ ಬದಲಾಗುತ್ತಿತ್ತು, ನಮ್ಮ ಟಿವಿಯಲ್ಲಿ 50 ಬಾರಿ. ಈ ಆಟಗಳ ಹಾಡು ಚಿತ್ರದ ಜೊತೆಗೇ ಹೆಜ್ಜೆ ಹಾಕುತ್ತದೆ. ಹೀಗಾಗಿ ಜಪಾನಿನಲ್ಲಿ 60 ಸೆಕೆಂಡಿಗೆ ಮುಗಿಯುವ ಹಾಡು, 50ಕ್ಕೆ ಹೊಂದಿಸಿದ ಪೆಟ್ಟಿಗೆಯಲ್ಲಿ 72 ಸೆಕೆಂಡು ನುಡಿಯುತ್ತದೆ. ಸ್ವರ ಹೆಚ್ಚುಕಡಿಮೆ ಅದೇ, ನಡೆ ಮಾತ್ರ ನಿಧಾನ. ಕೆಲವು ನಕಲು ಚಿಪ್‌ಗಳಲ್ಲಿ ಎರಡು ಬಗೆಯ ನಾದಗಳು ಅದಲುಬದಲಾಗಿದ್ದವು. ಅಂಥ ಪೆಟ್ಟಿಗೆಯಲ್ಲಿ ತೆಳುವಾಗಿ ಕೇಳಬೇಕಾದದ್ದು ದಪ್ಪವಾಗಿ, ದಪ್ಪ ದನಿ ತೆಳುವಾಗಿ ಕೇಳುತ್ತಿತ್ತು.

ಐದೇ ದನಿ

ಹಳೆಯ ಪೆಟ್ಟಿಗೆಯ ಚಿಪ್ಪಿನಿಂದ ಹೊರಡುವ ಸಂಗೀತಕ್ಕೆ 'ಚಿಪ್‌ಟ್ಯೂನ್' ಎಂದು ಹೆಸರು. ಆಮೇಲಿನ ಆಟಗಳ ಹಾಡುಗಳನ್ನು ಈ ಹಳೆ ಚಿಪ್ಪಿನಲ್ಲಿ ಮತ್ತೆ ನುಡಿಸುವ ಹವ್ಯಾಸ ಹಲವು ದೇಶಗಳಲ್ಲಿ ಬೆಳೆದಿದೆ. ಕೆಲಸ ಮಾತ್ರ ಸುಲಭವಲ್ಲ. ಚಿಪ್ಪಿನಲ್ಲಿ ಇರುವುದು ಐದೇ ದನಿ. ಸಾಮಾನ್ಯವಾಗಿ ಎರಡು ದನಿ ರಾಗಕ್ಕೆ, ಒಂದು ತಳಸ್ವರಕ್ಕೆ, ಒಂದು 'ಚ್ಛ್' ಎನ್ನುವ ತಾಳಕ್ಕೆ, ಕೊನೆಯದು ಡೋಲಿನಂಥ ಪುಟ್ಟ ಧ್ವನಿಮುದ್ರಿಕೆಗೆ. 1990ರಲ್ಲಿ ಬಂದ ಸೂಪರ್ ಫ್ಯಾಮಿಕಾಮ್‌ನಲ್ಲಿ ಎಂಟು ದನಿಗಳಿದ್ದವು. ಎಂಟರ ಹಾಡನ್ನು ಐದಕ್ಕೆ ಇಳಿಸುವಾಗ ಯಾವುದು ಇರಬೇಕು, ಯಾವುದು ಹೋಗಬೇಕು ಎಂದು ಪ್ರತಿ ಸಾಲಿನಲ್ಲೂ ತೀರ್ಮಾನಿಸಬೇಕು. ಮೂರು ಸ್ವರ ಒಟ್ಟಿಗೆ ಕೇಳಬೇಕೆಂದರೆ ಒಂದೇ ದನಿಯಲ್ಲಿ ಅವನ್ನು ಸರಸರನೆ ಒಂದಾದ ಮೇಲೊಂದು ನುಡಿಸಿ ಕಿವಿಗೆ ಮಂಕುಬೂದಿ ಎರಚುತ್ತಾರೆ!

ಮಗ್ಗದ ಮನೆಯವರಿಗೆ ಹೊಸತಲ್ಲ

ಇದನ್ನು ಬರೆಯುವುದು 'ಟ್ರ್ಯಾಕರ್' ಎಂಬ ಸಾಫ್ಟ್‌ವೇರ್‌ನಲ್ಲಿ. ಈ ಚಿಪ್ಪಿಗೆಂದೇ ಇರುವ 'ಫ್ಯಾಮಿಟ್ರ್ಯಾಕರ್' ಉಚಿತ. ಪರದೆಯ ಮೇಲೆ ಐದು ಕಂಬಸಾಲು, ಮೇಲಿಂದ ಕೆಳಕ್ಕೆ ಒಂದೊಂದೇ ಅಡ್ಡಸಾಲು ನುಡಿಯುತ್ತಾ ಇಳಿಯುತ್ತದೆ. ಸೇಲಂ ಸುತ್ತಿನ ದೇವಾಂಗ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜಕಾರ್ಡ್ ಮಗ್ಗದಲ್ಲಿ ಕಾರ್ಡಿನ ತೂತು ಯಾವ ಎಳೆ ಏಳಬೇಕೆಂದು ಹೇಳುತ್ತದಲ್ಲ, ಇಲ್ಲಿ ಪ್ರತಿ ಸಾಲು ಯಾವ ದನಿ ಏಳಬೇಕೆಂದು ಹೇಳುತ್ತದೆ. ಎಳೆ ಇರುವಷ್ಟರಲ್ಲೇ ಹೂವು ಮೂಡಿಸಬೇಕು, ಅಷ್ಟೇ.

ಬರೆದ ಹಾಡನ್ನು ಮೆಮೊರಿ ಕಾರ್ಡ್ ಹಾಕುವ ವಿಶೇಷ ಕ್ಯಾಸೆಟ್ ಮೂಲಕ ಪೆಟ್ಟಿಗೆಯಲ್ಲೇ ನುಡಿಸಬಹುದು. ಕ್ಯಾಸೆಟ್‌ನ ಪಿನ್ ನಿಮ್ಮ ಪೆಟ್ಟಿಗೆಗೆ ಹೊಂದಬೇಕು. ನಮ್ಮ ನಕಲು ಪೆಟ್ಟಿಗೆಗೆಂದು ಬರೆಯುವವರು ಸ್ವರಕ್ಕೆ ಜಪಾನಿನ ಲೆಕ್ಕ, ನಡೆಗೆ 50ರ ಲೆಕ್ಕ ಇಟ್ಟುಕೊಂಡರೆ ಸರಿಹೋಗುತ್ತದೆ.

ಎಸೆಯಬೇಡಿ

ಈಗ ಮೊಬೈಲ್‌ನಲ್ಲಿ ಹುಡುಕಿದರೆ ಸಾಮಾನ್ಯವಾಗಿ ಸಿಗುವುದು 60ರ ನಡೆಯ ಮಾರಿಯೋ. "ಇದು ಅದಲ್ಲ ಕಣೋ, ಯಾಕೋ ಓಡ್ತಾ ಇದೆ" ಎಂದು ಅನಿಸಿದರೆ ತಪ್ಪು ನಿಮ್ಮ ಕಿವಿಯದ್ದಲ್ಲ. ನಕಲು ಚಿಪ್ಪಿನಂತೆ ನುಡಿಸುವ ಸಾಫ್ಟ್‌ವೇರ್ ಇದೆ ನಿಜ. ಆದರೆ ಪೆಟ್ಟಿಗೆಯಿಂದ ಪೆಟ್ಟಿಗೆಗೆ ದನಿ ಬೇರೆ. ಹೋಲಿಸಿ ನೋಡಲು ನಮ್ಮ ಮನೆಯಲ್ಲಿದ್ದ ಆ ಪೆಟ್ಟಿಗೆಯೇ ಬೇಕು. ಅದು ಗುಜರಿಗೆ ಹೋದರೆ ನಾವು ಕೇಳಿ ಬೆಳೆದ ಹಾಡೂ ಅದರ ಜೊತೆಗೇ ಹೋದಂತೆ.

ಅಟ್ಟದಿಂದ ಇಳಿಸಿದವರು ಕ್ಯಾಸೆಟ್‌ಗೆ ಬಾಯಿಂದ ಊದಬೇಡಿ, ಉಗುಳಿನ ತೇವಕ್ಕೆ ಪಿನ್ ಹಾಳಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಒಣಗಿದ ಮೇಲೆ ಹಾಕಿ. ಅಡಾಪ್ಟರ್ ಪೆಟ್ಟಿಗೆಯ ಮೇಲೆ ಬರೆದ ವೋಲ್ಟೇಜಿನದ್ದೇ ಇರಲಿ, ಪ್ಲಸ್-ಮೈನಸ್ ಕೂಡ ನೋಡಿಕೊಳ್ಳಿ. ಎವಿ ತೂತಿದ್ದರೆ ಆಡಿಯೋ ವೈರನ್ನು ಕಂಪ್ಯೂಟರ್‌ಗೆ ಕೊಟ್ಟು ಹಾಡನ್ನು ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮಾರಿಯೋ ಗುಂಡಿಗೆ ಬಿದ್ದರೂ ಪರವಾಗಿಲ್ಲ, ಆ ಹಾಡೂ ರೆಕಾರ್ಡ್ ಆಗಲಿ.