ವಾಣಿಜ್ಯ ವಿದ್ಯಾರ್ಥಿಗಳೂ ಸ್ವಂತ ಪ್ರಾಜೆಕ್ಟೂ

ಬಿ.ಕಾಂ., ಬಿ.ಬಿ.ಎ., ಎಂ.ಬಿ.ಎ. ಮೊದಲಾದ ವಾಣಿಜ್ಯ ತರಗತಿಗಳಲ್ಲಿ ಮಕ್ಕಳನ್ನು ಓದಿಸುತ್ತಿರುವ ಗೃಹಸ್ಥರಿಗೆ ‘ಪ್ರಾಜೆಕ್ಟು’ ಎಂಬ ಮಾತು ಹೊಸದಲ್ಲ. ವಿದ್ಯಾರ್ಥಿಯು ಯಾವುದಾದರೊಂದು ಕಾರ್ಖಾನೆ, ಬ್ಯಾಂಕು, ಸಹಕಾರ ಸಂಘ ಇಲ್ಲವೆ ಅಂಗಡಿಗೆ ಹೋಗಿ, ಕೆಲವು ವಾರ ಅಲ್ಲಿಯ ವ್ಯವಹಾರವನ್ನು ಕಣ್ಣಾರೆ ನೋಡಿ, ಕಂಡದ್ದನ್ನು ಬರೆದು ಒಪ್ಪಿಸತಕ್ಕ ವರದಿಗೆ ಆ ಹೆಸರು. ಮನೆಯೊಳಗೆ ಈ ಮಾತು ಕೇಳಿಬರುವುದು ಸಾಮಾನ್ಯವಾಗಿ ಹಣದ ಸಂದರ್ಭದಲ್ಲಿ. “ಅಪ್ಪಾ, ಪ್ರಾಜೆಕ್ಟಿಗೆ ದುಡ್ಡು ಬೇಕು” ಎಂದು ಮಗನೋ ಮಗಳೋ ಕೇಳಿದರೆ, ಅಚ್ಚಿಗೂ ರಟ್ಟು ಕಟ್ಟಿಸುವುದಕ್ಕೂ ಬೇಕಾಗಿರಬಹುದೆಂದು ತಂದೆ ಎತ್ತಿ ಕೊಡುತ್ತಾನೆ. ಆ ಹಣದಲ್ಲಿ ರಟ್ಟಿನ ಬೆಲೆ ಎಷ್ಟು, ಒಳಗಿನ ಬರಹದ ಬೆಲೆ ಎಷ್ಟು ಎಂದು ವಿಚಾರಿಸುವವರು ವಿರಳ.

ಬರಹಕ್ಕೂ ಬೆಲೆಯುಂಟು. ಹಿಂದಿನ ವರ್ಷದವರು ಕಟ್ಟಿಸಿದ ವರದಿಯನ್ನೇ ತಂದು, ಹೆಸರು, ಕಾಲೇಜು, ವರ್ಷ ಇವಿಷ್ಟನ್ನು ಬದಲಿಸಿ ಮತ್ತೆ ಅಚ್ಚು ಹಾಕಿಸುವುದು ಹಳೆಯ ಕ್ರಮ. ವರದಿ ಬರೆದುಕೊಡುವುದನ್ನೇ ಕಸುಬು ಮಾಡಿಕೊಂಡವರೂ ಇದ್ದಾರೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಎಂಬ ಬರೆಯುವ ಯಂತ್ರವು ಸಾರ್ವಜನಿಕರ ಕೈಗೆ ಬಂದ ಮೇಲಂತೂ, ಕಾಸು ಖರ್ಚಿಲ್ಲದೆ, ಅಂಗಡಿಯ ಹೊಸ್ತಿಲನ್ನೂ ತುಳಿಯದೆ, ಅರವತ್ತು ಪುಟದ ವರದಿಯನ್ನು ಒಂದು ಸಂಜೆಯಲ್ಲಿ ಸಿದ್ಧಪಡಿಸುವುದು ಸಾಧ್ಯವಾಗಿದೆ.

ಇದು ಸುಳ್ಳು, ಇದು ಅನ್ಯಾಯ ಎಂದು ಉಪದೇಶಿಸುವುದಕ್ಕಾಗಿ ನಾವು ಲೇಖನಿಯನ್ನು ಹಿಡಿದಿಲ್ಲ. ಆ ಮಾತನ್ನು ಮನೆಯ ಹಿರಿಯರೇ ನಮಗಿಂತ ಚೆನ್ನಾಗಿ ಹೇಳಬಲ್ಲರು. ಹೀಗೆ ಕೊಂಡು ತಂದವನಿಗೆ ಆಗತಕ್ಕ ನಷ್ಟವೇನು ಎಂಬುದನ್ನು ವ್ಯಾಪಾರದ ಕಣ್ಣಿನಿಂದಲೇ ನೋಡಬೇಕೆಂಬುದಷ್ಟೇ ನಮ್ಮ ಉದ್ದೇಶ.

ವ್ಯಾಪಾರವೆಂಬುದು ಮೊದಲಿಗೆ ಅಂಗಡಿಯಲ್ಲಿ ಕಲಿತ ವಿದ್ಯೆ. ಶೆಟ್ಟರ ಮಗನು ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕುಳಿತು, ತೂಕದ ಬಟ್ಟಿನಿಂದ ಆರಂಭಿಸಿ ಕಿರ್ದಿ ಖಾತೆಗಳವರೆಗೆ ಬರುತ್ತಿದ್ದನು. ಪುಸ್ತಕ ಹುಟ್ಟಿದ್ದು ಅನಂತರ. ಇಂದು ಎಲ್ಲ ಕಾಲೇಜುಗಳಲ್ಲಿಯೂ ಕಲಿಸುವ ದ್ವಿನಮೂದು ಲೆಕ್ಕದ ಕ್ರಮವನ್ನು ಇಟಲಿಯ ಸನ್ಯಾಸಿ ಲೂಕಾ ಪಾಚೋಲಿಯು 1494ರಲ್ಲಿ ವೆನಿಸಿನಲ್ಲಿ ಅಚ್ಚು ಹಾಕಿಸಿದನು. ಆದರೆ ಅದನ್ನು ಕಂಡುಹಿಡಿದವನು ಅವನಲ್ಲ. ವೆನಿಸಿನ ವರ್ತಕರು ಅದಾಗಲೇ ಇಟ್ಟುಕೊಂಡು ಬಂದಿದ್ದ ಲೆಕ್ಕವನ್ನು ನೋಡಿ ಅವನು ಬರೆದನು. ನಮ್ಮ ದೇಶದಲ್ಲಿ 1913ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜು ವಾಣಿಜ್ಯಕ್ಕೆಂದೇ ಸ್ಥಾಪಿತವಾಯಿತು. ಅಂಥ ಕಾಲೇಜುಗಳು ಹೆಚ್ಚಿದ ಹಾಗೆಲ್ಲ ಈ ವಿದ್ಯೆಯು ಅಂಗಡಿಯಿಂದ ಕೊಠಡಿಗೆ ಬಂದಿತು. ಅದರಿಂದಾದ ಲಾಭ ದೊಡ್ಡದು. ಶೆಟ್ಟರ ಮನೆಯಲ್ಲಿ ಹುಟ್ಟದವರಿಗೂ ವ್ಯಾಪಾರದ ಬಾಗಿಲು ತೆರೆಯಿತು. ಕೊಠಡಿಗೆ ಬಂದ ವಿದ್ಯಾರ್ಥಿಯನ್ನು ಒಂದು ಸಲವಾದರೂ ಅಂಗಡಿಗೆ ಕಳುಹಿಸತಕ್ಕ ದಾರಿಯೇ ಪ್ರಾಜೆಕ್ಟು. ಅದನ್ನೂ ಕೊಂಡು ತಂದರೆ, ಮೂರು ವರ್ಷ ವಾಣಿಜ್ಯ ಓದಿದ ತರುಣನು ಒಂದು ದಿನವೂ ವಾಣಿಜ್ಯವನ್ನು ನೋಡದೆ ಪದವೀಧರನಾಗುತ್ತಾನೆ.

ನೋಡುವುದರಲ್ಲಿ ಅಂಥದ್ದೇನಿದೆ ಎಂದು ಕೇಳಬಹುದು. ಒಂದು ದಿನಸಿ ಅಂಗಡಿಯನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ತಿಂಗಳ ವ್ಯಾಪಾರ 3,00,000 ರೂಪಾಯಿ. ಮಾರಾಟದ ನೂರಕ್ಕೆ ಹತ್ತರಂತೆ ಉಳಿತಾಯ 30,000. ಬಾಡಿಗೆ, ಆಳಿನ ಸಂಬಳ, ವಿದ್ಯುಚ್ಛಕ್ತಿ ಮೊದಲಾದವುಗಳಿಗೆ 18,000 ಹೋದರೆ ನಿಂತದ್ದು 12,000 ಎಂದಿರಲಿ. ಕೊಂಡು ತಂದ ವರದಿಯು ಇಲ್ಲಿಗೆ ನಿಲ್ಲುತ್ತದೆ. “ಸಂಸ್ಥೆಯ ಆರ್ಥಿಕ ಸ್ಥಿತಿ ತೃಪ್ತಿಕರವಾಗಿದೆ” ಎಂದು ಬರೆದು ಮುಗಿಸುತ್ತದೆ.

ಹದಿನೈದು ದಿನ ಅಂಗಡಿಯಲ್ಲಿ ಕುಳಿತ ಹುಡುಗನಿಗೆ ಕಾಣುವುದು ಬೇರೆ. ಲಾಭ ಇಷ್ಟಿದ್ದರೂ ಮಂಡಿಯವರು ಹಣಕ್ಕೆ ಬಂದಾಗ ಶೆಟ್ಟರು ಏಕೆ ಬಡ್ಡಿಯ ಸಾಲಕ್ಕೆ ಓಡುತ್ತಾರೆ ಎಂಬ ಪ್ರಶ್ನೆ ಅವನಲ್ಲಿ ಹುಟ್ಟುತ್ತದೆ. ಉದ್ರಿ ಪುಸ್ತಕವನ್ನು ಕೇಳುತ್ತಾನೆ. ವ್ಯಾಪಾರದ ಮೂರನೆಯ ಒಂದು ಪಾಲು, ಅಂದರೆ ತಿಂಗಳಿಗೆ 1,00,000 ರೂಪಾಯಿ, ಉದ್ರಿ. ಅದು ಕೈಗೆ ಬರುವುದಕ್ಕೆ ಸರಾಸರಿ ಎರಡು ತಿಂಗಳು. ಹಾಗಾದರೆ ಯಾವಾಗ ನೋಡಿದರೂ 2,00,000 ರೂಪಾಯಿ ಊರಿನ ಮನೆಮನೆಗಳಲ್ಲಿ ಚೆದುರಿರುತ್ತದೆ. ಸರಕಿನ ಅಸಲನ್ನಷ್ಟೇ ಹಿಡಿದರೂ 1,80,000. ಅಷ್ಟನ್ನು ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿಯಂತೆ ತಂದಿದ್ದರೆ ಬಡ್ಡಿಯೇ 3,600. ಹನ್ನೆರಡು ಸಾವಿರದ ಲಾಭ ಎಂಟು ಸಾವಿರದ ನಾನೂರಕ್ಕೆ ಇಳಿಯಿತು. ಈ 3,600 ರೂಪಾಯಿಯನ್ನು ಶೆಟ್ಟರು ಅಂಗಡಿಯ ಖರ್ಚೆಂದು ಎಲ್ಲಿಯೂ ಬರೆದಿರುವುದಿಲ್ಲ. ಮನೆಯ ಖರ್ಚಿನಲ್ಲಿ ಸೇರಿಸಿಕೊಂಡು ತೀರಿಸುತ್ತಿರುತ್ತಾರೆ.

ಪಠ್ಯಪುಸ್ತಕದಲ್ಲಿ ಇದಕ್ಕೆ ಮದ್ದು ಸುಲಭ: ಉದ್ರಿಯ ಅವಧಿಯನ್ನು ಕಡಮೆ ಮಾಡತಕ್ಕದ್ದು. ಹುಡುಗನು ಅದನ್ನೇ ಹೇಳಿದರೆ ಶೆಟ್ಟರು ನಕ್ಕಾರು. “ಉದ್ರಿ ನಿಲ್ಲಿಸಿದರೆ ಗಿರಾಕಿಯೂ ನಿಲ್ಲುತ್ತಾನಪ್ಪಾ, ಎದುರಿಗೇ ಇನ್ನೊಂದು ಅಂಗಡಿ ಇದೆ” ಎಂದಾರು. ನಿಜವಾದ ವ್ಯಾಸಂಗವು ಆರಂಭವಾಗುವುದು ಆ ನಗುವಿನ ಬಳಿಕ. ಯಾರ ಬಾಕಿ ಒಂದು ತಿಂಗಳದು, ಯಾರದು ಮೂರು ತಿಂಗಳು ಮೀರಿದ್ದು ಎಂದು ಬೇರ್ಪಡಿಸಿ ಪಟ್ಟಿ ಮಾಡಿದರೆ, ಬಾಕಿಯ ಅರ್ಧ ಭಾಗ ನಾಲ್ಕಾರು ಮನೆಗಳಲ್ಲಿಯೇ ಇರುವುದು ಕಂಡುಬರಬಹುದು. ಆಗ ಇಡೀ ಊರಿಗೆ ಉದ್ರಿ ನಿಲ್ಲಿಸಬೇಕಾದ್ದಿಲ್ಲ. ಇಷ್ಟನ್ನು ತಾನಾಗಿ ಕಂಡುಕೊಂಡ ವಿದ್ಯಾರ್ಥಿಗೆ, ಮುಂದೆ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡುವ ಕೆಲಸ ಸಿಕ್ಕರೂ ಸರಿ, ಸ್ವಂತ ಅಂಗಡಿಯೇ ಆದರೂ ಸರಿ, ಲಾಭ ಬೇರೆ, ಕೈಯಲ್ಲಿರುವ ಶಿಲ್ಕು ಬೇರೆ ಎಂಬುದನ್ನು ಮತ್ತೆ ಯಾರೂ ಕಲಿಸಬೇಕಾಗಿಲ್ಲ.

ವಿದ್ಯಾರ್ಥಿಗಳು ಮನೆಮನೆಗೆ ನಡೆದು ತಂದ ಪಟ್ಟಿ ಎಷ್ಟು ದೂರ ಹೋಗಬಲ್ಲದೆಂಬುದಕ್ಕೆ ನೆರೆಯ ಬಾಂಗ್ಲಾದೇಶದಲ್ಲಿ ಪ್ರಸಿದ್ಧವಾದ ನಿದರ್ಶನವೊಂದಿದೆ. 1976ರಲ್ಲಿ ಚಿತ್ತಗಾಂಗ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರದ ಅಧ್ಯಾಪಕರಾಗಿದ್ದ ಮುಹಮ್ಮದ್ ಯೂನುಸ್ ಅವರು ಪಕ್ಕದ ಜೋಬ್ರಾ ಗ್ರಾಮಕ್ಕೆ ಹೋದಾಗ, ಬಿದಿರಿನ ಪೀಠಗಳನ್ನು ಹೆಣೆಯುವ ಹೆಂಗಸೊಬ್ಬಳು ಬಿದಿರಿಗೆ ಬೇಕಾದ ಅಲ್ಪ ಹಣವನ್ನು ವ್ಯಾಪಾರಿಯಿಂದ ಸಾಲ ತಂದು, ಅವನು ಹೇಳಿದ ಬೆಲೆಗೆ ಅವನಿಗೇ ಪೀಠವನ್ನು ಮಾರಬೇಕಾಗಿರುವುದನ್ನು ಕಂಡರು. ಇಂಥವರು ಊರಿನಲ್ಲಿ ಎಷ್ಟು ಮಂದಿ ಇದ್ದಾರೆಂದು ಪಟ್ಟಿ ಮಾಡುವುದಕ್ಕೆ ತಮ್ಮ ವಿದ್ಯಾರ್ಥಿನಿಯೊಬ್ಬಳನ್ನು ನೇಮಿಸಿದರು. ಬಂದ ಪಟ್ಟಿಯಲ್ಲಿ 42 ಹೆಸರುಗಳು. ಅವರೆಲ್ಲರಿಗೂ ಸೇರಿ ಬೇಕಾಗಿದ್ದ ಹಣ 856 ಟಾಕಾ, ಆಗಿನ ಲೆಕ್ಕದಲ್ಲಿ 27 ಡಾಲರು! ಐದು ವರ್ಷಗಳ ಯೋಜನೆಗಳನ್ನೂ ಕೋಟಿಗಟ್ಟಲೆಯ ಅಂಕಿಗಳನ್ನೂ ತರಗತಿಯಲ್ಲಿ ಬೋಧಿಸುತ್ತಿದ್ದ ಅಧ್ಯಾಪಕರಿಗೆ ಈ ಚಿಕ್ಕ ಮೊತ್ತವೇ ನಾಚಿಕೆಯನ್ನುಂಟುಮಾಡಿತಂತೆ. ಅವರು ಅಷ್ಟನ್ನೂ ತಮ್ಮ ಕೈಯಿಂದಲೇ ಕೊಟ್ಟರು. ಅಲ್ಲಿಂದ ಬೆಳೆದ ಪ್ರಯತ್ನವೇ 1983ರಲ್ಲಿ ಗ್ರಾಮೀಣ ಬ್ಯಾಂಕಾಯಿತು. 2006ರಲ್ಲಿ ಅವರಿಗೂ ಆ ಬ್ಯಾಂಕಿಗೂ ಶಾಂತಿಯ ನೊಬೆಲ್ ಪಾರಿತೋಷಕ ಬಂದಿತು. ಯಾವ ಗ್ರಂಥಾಲಯದಲ್ಲಿಯೂ 856 ಎಂಬ ಅಂಕಿ ಇರಲಿಲ್ಲ. ಬಾಗಿಲು ತಟ್ಟಿ ಕೇಳಿದವರಿಗೆ ಮಾತ್ರ ಅದು ದೊರೆಯಿತು.

ಅಮೆರಿಕದ ಫಿಲ್ ನೈಟ್ ಅವರ ಸಂಗತಿಯೂ ಹೇಳತಕ್ಕದ್ದೇ. 1962ರ ಸುಮಾರಿನಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ವಾಣಿಜ್ಯಾಡಳಿತ ಓದುತ್ತಿದ್ದಾಗ, ಜರ್ಮನಿಯ ಕ್ಯಾಮರಾಗಳನ್ನು ಜಪಾನಿನ ಕ್ಯಾಮರಾಗಳು ಹಿಂದೆ ಹಾಕಿದಂತೆ ಓಟದ ಬೂಟುಗಳಲ್ಲಿಯೂ ಆಗಬಹುದೇ ಎಂಬ ವಿಷಯದ ಮೇಲೆ ಅವರು ತರಗತಿಗೆ ಒಂದು ಪ್ರಬಂಧ ಬರೆದರು. ಅವರು ಸ್ವತಃ ಓಟಗಾರರು. ಬೂಟಿನ ಕಷ್ಟ ಕಾಲಿಗೆ ತಿಳಿದಿತ್ತು. ಸಹಪಾಠಿಗಳು ಯಾರೂ ಆಸಕ್ತಿ ತೋರಲಿಲ್ಲವೆಂದು ಅವರೇ ಬರೆದುಕೊಂಡಿದ್ದಾರೆ. ಪ್ರಬಂಧವು ಮುಗಿದರೂ ಅದರ ವಿಚಾರ ಅವರನ್ನು ಬಿಡದೆ ಜಪಾನಿಗೆ ಕರೆದೊಯ್ದಿತು. 1964ರಲ್ಲಿ ತಮ್ಮ ಹಳೆಯ ಓಟದ ಗುರುವಿನೊಡನೆ ತಲಾ 500 ಡಾಲರು ಹಾಕಿ ಬೂಟಿನ ವ್ಯಾಪಾರ ತೆರೆದರು. ನೈಕಿ ಎಂಬ ಹೆಸರು ಬಂದದ್ದು 1971ರಲ್ಲಿ. ಪ್ರಾಜೆಕ್ಟು ಬರೆದವರೆಲ್ಲರೂ ಕೋಟ್ಯಧೀಶರಾಗುವರೆಂದು ನಾವು ಹೇಳುತ್ತಿಲ್ಲ; ಹಾಗೆ ಆಸೆ ಹುಟ್ಟಿಸುವವರು ಬೇರೆ ಬಹಳ ಮಂದಿ ಇದ್ದಾರೆ. ಆದರೆ ಕೊಂಡು ತಂದ ವಿಚಾರವು ಯಾರನ್ನೂ ಬೆನ್ನು ಹತ್ತಿದ್ದನ್ನು ನಾವು ಕೇಳಿಲ್ಲ.

ಎದುರು ಪಕ್ಷವನ್ನೂ ನೋಡಬೇಕು. 2009ರ ಜನವರಿ 7ರಂದು ಹೈದರಾಬಾದಿನ ಸತ್ಯಂ ಕಂಪೆನಿಯ ಅಧ್ಯಕ್ಷರು, ತಮ್ಮ ಪುಸ್ತಕಗಳಲ್ಲಿ ತೋರಿಸಿದ್ದ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕಿನಲ್ಲಿ 5,040 ಕೋಟಿ ಇಲ್ಲವೇ ಇಲ್ಲವೆಂದು ತಾವೇ ಪತ್ರ ಬರೆದು ಒಪ್ಪಿಕೊಂಡರು. ಅಂಕಿಗಳು ಕಾಗದದ ಮೇಲೆ ಅಂದವಾಗಿ ಹೊಂದಿಕೊಂಡಿದ್ದವು. ಎದ್ದು ಹೋಗಿ ನೋಡುವ ಅಭ್ಯಾಸವೊಂದೇ ಇಂಥ ಲೆಕ್ಕಕ್ಕೆ ಎದುರು ನಿಲ್ಲಬಲ್ಲದು. ಅದು ಇಪ್ಪತ್ತನೆಯ ವಯಸ್ಸಿನಲ್ಲಿ ಬಾರದಿದ್ದರೆ ನಲವತ್ತರಲ್ಲಿ ಬರುವುದು ಕಷ್ಟ.

ಇನ್ನು ಪ್ರಶ್ನಾವಳಿಯ ವಿಷಯ. ನೂರು ಮಂದಿಯ ಅಭಿಪ್ರಾಯ ಸಂಗ್ರಹಿಸಿದುದಾಗಿ ಅನೇಕ ವರದಿಗಳಲ್ಲಿ ಕೋಷ್ಟಕಗಳಿರುತ್ತವೆ. ಆ ನೂರು ಹಾಳೆಗಳನ್ನು ವಸತಿಗೃಹದ ಕೋಣೆಯಲ್ಲಿ ನಾಲ್ವರು ಗೆಳೆಯರು ಚಹಾ ಕುಡಿಯುತ್ತ ತುಂಬುವುದುಂಟು. ಇಂಥ ಹಾಳೆಗಳನ್ನು ಗುರುತಿಸುವುದು ಕಷ್ಟವಲ್ಲ: ಎಲ್ಲರೂ ಎಲ್ಲ ಪ್ರಶ್ನೆಗಳಿಗೂ ಉತ್ತರ ಕೊಟ್ಟಿರುತ್ತಾರೆ. ನಿಜವಾಗಿ ಬೀದಿಗೆ ಇಳಿದವನಿಗೆ ಹತ್ತರಲ್ಲಿ ಮೂವರು ಬಾಗಿಲು ತೆರೆಯುವುದಿಲ್ಲ. ವರಮಾನ ಕೇಳಿದರೆ ಮಾತು ತಿರುಗಿಸುತ್ತಾರೆ. ಗಂಡ ಎದುರಿಗಿರುವಾಗ ಹೆಂಡತಿ ಹೇಳುವ ಉತ್ತರ ಒಂದು, ಅವನು ಒಳಗೆ ಹೋದ ಮೇಲೆ ಹೇಳುವ ಉತ್ತರ ಇನ್ನೊಂದು. ಮನೆಯ ಕೊಳ್ಳುವಿಕೆಯನ್ನು ನಿರ್ಧರಿಸುವವರು ಯಾರು ಎಂಬ ಅಧ್ಯಾಯವನ್ನು ಹತ್ತು ಸಲ ಓದಿದರೂ ತಿಳಿಯದ್ದು ಈ ಒಂದು ಸಂಗತಿಯಿಂದ ತಿಳಿದೀತು.

ತಪ್ಪೆಲ್ಲವೂ ವಿದ್ಯಾರ್ಥಿಗಳದೇ ಎನ್ನುವುದು ನ್ಯಾಯವಲ್ಲ. ಒಬ್ಬ ಅಧ್ಯಾಪಕರ ಕೈಕೆಳಗೆ ನಲವತ್ತು ಐವತ್ತು ಮಂದಿಯನ್ನು ಹಾಕಿದರೆ ಅವರು ಯಾರ ವರದಿಯನ್ನು ತಾನೇ ಓದಿಯಾರು? ಕಂಪೆನಿಗಳಲ್ಲಿ ಲೆಕ್ಕದ ಪುಸ್ತಕವನ್ನು ತೋರಿಸುವವರಿಲ್ಲ. ಪ್ರಮಾಣಪತ್ರವನ್ನು ಮಾತ್ರ ಧಾರಾಳವಾಗಿ ಕೊಡುತ್ತಾರೆ. ವಿಶ್ವವಿದ್ಯಾಲಯ ಅನುದಾನ ಆಯೋಗವು 2018ರಲ್ಲಿ ಮಾಡಿದ ನಿಯಮಗಳಂತೆ ಸ್ನಾತಕೋತ್ತರ ಮತ್ತು ಸಂಶೋಧನಾ ಪ್ರಬಂಧಗಳಲ್ಲಿ ಪರರ ಬರಹದೊಡನೆ ಸಾಮ್ಯವು ನೂರಕ್ಕೆ 10ರವರೆಗೆ ಇದ್ದರೆ ದಂಡನೆಯಿಲ್ಲ. 40 ಮೀರಿದರೆ ಒಂದು ವರ್ಷ ಒಪ್ಪಿಸುವ ಹಾಗಿಲ್ಲ. 60 ಮೀರಿದರೆ ನೋಂದಣಿಯೇ ರದ್ದು. ಕಟ್ಟುನಿಟ್ಟು ಒಳ್ಳೆಯದೇ. ಆದರೆ ಯಂತ್ರವು ಅಳೆಯುವುದು ಮಾತುಗಳ ಸಾಮ್ಯವನ್ನು. ಹಣ ಪಡೆದು ಹೊಸದಾಗಿ ಬರೆದುಕೊಟ್ಟ ವರದಿಯು ಆ ಜರಡಿಯಲ್ಲಿ ಸಲೀಸಾಗಿ ಇಳಿದುಹೋಗುತ್ತದೆ.

ಇವೆಲ್ಲಕ್ಕಿಂತ ನಮ್ಮ ಮನಸ್ಸಿಗೆ ಹೆಚ್ಚು ನೋವನ್ನುಂಟುಮಾಡುವ ಕಾರಣ ಬೇರೊಂದಿದೆ. ಕನ್ನಡದಲ್ಲಿ ಓದಿ ಬಂದ ಹಳ್ಳಿಯ ಹುಡುಗನಿಗೆ ವ್ಯಾಪಾರದ ಸೂಕ್ಷ್ಮ ಚೆನ್ನಾಗಿ ತಿಳಿದಿರುತ್ತದೆ. ಇಂಗ್ಲಿಷಿನಲ್ಲಿ ಅರವತ್ತು ಪುಟ ಬರೆಯುವುದೆಂದರೆ ಅವನ ಕೈ ನಡುಗುತ್ತದೆ. ಸೋಮಾರಿತನದಿಂದಲ್ಲ, ಭಾಷೆಯ ಭಯದಿಂದ ಅವನು ವರದಿಯನ್ನು ಕೊಳ್ಳುತ್ತಾನೆ. ಇಂಥವನು ತಾನು ಕಂಡದ್ದನ್ನು ಮೊದಲು ಕನ್ನಡದಲ್ಲಿಯೇ ದಿನಚರಿಯಂತೆ ಬರೆದುಕೊಂಡು, ಬಳಿಕ ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಿಗೆ ಇಳಿಸಿದರೆ ಸಾಕು. ತಪ್ಪು ತಿದ್ದುವುದಕ್ಕೆ ಸ್ನೇಹಿತರ ಅಥವಾ ಯಂತ್ರದ ಸಹಾಯ ಪಡೆದರೂ ಬಾಧಕವಿಲ್ಲವೆಂದು ನಮ್ಮ ಅಭಿಪ್ರಾಯ. ಕಾಲೇಜಿನ ನಿಯಮವೇನೆಂದು ಮಾತ್ರ ಮೊದಲೇ ಕೇಳಿಕೊಳ್ಳತಕ್ಕದ್ದು. ಕಂಡವನು ತಾನೇ ಆಗಿರಬೇಕು, ಎಣಿಸಿದವನು ತಾನೇ ಆಗಿರಬೇಕು. ಕಾಗುಣಿತವನ್ನು ಯಾರು ತಿದ್ದಿದರೇನು?

ವಿಷಯಕ್ಕೆ ದೂರ ಹೋಗಬೇಕಾದ್ದೂ ಇಲ್ಲ. ದೊಡ್ಡ ಕಂಪೆನಿಯ ಹೆಸರು ಹಾಕಿದರೆ ವರದಿಗೆ ತೂಕ ಬರುವುದೆಂಬ ಭ್ರಮೆ ಹುಡುಗರಲ್ಲಿಯೂ ಹಿರಿಯರಲ್ಲಿಯೂ ಇದೆ. ಹಳ್ಳಿಯ ಹಾಲು ಉತ್ಪಾದಕರ ಸಂಘದಲ್ಲಿ ಹಾಲಿನ ಜಿಡ್ಡನ್ನೂ ಇತರ ಘನಾಂಶವನ್ನೂ ನೋಡಿ ಹಣ ಕೊಡುತ್ತಾರೆ. ಒಂದೇ ಊರಿನ ಎರಡು ಮನೆಗಳಿಗೆ ಲೀಟರಿಗೆ ದೊರೆಯುವ ಹಣದಲ್ಲಿ ಏಕೆ ವ್ಯತ್ಯಾಸ, ಮೇವಿನ ಖರ್ಚು ಕಳೆದರೆ ಉಳಿಯುವುದೆಷ್ಟು ಎಂಬುದು ಒಂದು ಪ್ರಾಜೆಕ್ಟಿಗೆ ಸಾಲದೆ? ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ, ಚನ್ನಪಟ್ಟಣದ ಅರಗಿನ ಬಣ್ಣದ ಆಟಿಗೆಗಳು, ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ಬ್ಯಾಡಗಿಯ ಮೆಣಸಿನಕಾಯಿ, ಇಳಕಲ್ಲಿನ ಮಗ್ಗಗಳು, ಒಂದೊಂದರಲ್ಲಿಯೂ ಹತ್ತು ಮಂದಿ ವಿದ್ಯಾರ್ಥಿಗಳಿಗೆ ಸಾಕಾಗುವಷ್ಟು ವಿಷಯವಿದೆ.

ಮನೆಯವರು ಮಾಡಬಹುದಾದದ್ದೂ ಇದೆ. ಪ್ರಾಜೆಕ್ಟಿನ ಹಣವನ್ನು ಕೊಡುವ ಮೊದಲು, “ಯಾವ ಅಂಗಡಿಗೆ ಹೋಗಿದ್ದೆಯಪ್ಪಾ? ಅಲ್ಲಿ ಯಾರೊಡನೆ ಮಾತಾಡಿದೆ? ನೀನು ಎಣಿಸಿದ್ದಕ್ಕಿಂತ ಬೇರೆಯಾಗಿ ಕಂಡದ್ದೇನು?” ಎಂದು ಊಟದ ಹೊತ್ತಿನಲ್ಲಿ ಕೇಳಬಹುದು. ಸ್ವಂತ ವ್ಯವಹಾರವಿರುವ ಗೃಹಸ್ಥರು ತಮ್ಮ ಮಗನಿಗಲ್ಲದಿದ್ದರೂ ನೆರೆಯವರ ಮಗಳಿಗೆ ಒಂದು ತಿಂಗಳ ಮಟ್ಟಿಗೆ ಕಿರ್ದಿಯನ್ನು ತೋರಿಸಬಹುದು. ಗುಟ್ಟು ಹೊರಬೀಳುವುದೆಂಬ ಅಂಜಿಕೆಯಿದ್ದರೆ ಅಂಗಡಿಯ ಮತ್ತು ಗಿರಾಕಿಗಳ ಹೆಸರನ್ನು ಬದಲಿಸಿ ಬರೆಯಬೇಕೆಂದು ಮೊದಲೇ ಕರಾರು ಮಾಡಿಕೊಳ್ಳತಕ್ಕದ್ದು. ಆ ಬದಲಾವಣೆಯನ್ನು ವರದಿಯ ಮೊದಲ ಪುಟದಲ್ಲಿಯೇ ತಿಳಿಸಿಬಿಟ್ಟರೆ ಪರೀಕ್ಷಕರ ಆಕ್ಷೇಪಣೆಗೂ ಎಡೆಯಿರುವುದಿಲ್ಲ. ವಿದ್ಯಾರ್ಥಿಯೂ ತನ್ನ ಕಡೆಯಿಂದ, ಕಾಲೇಜಿಗೆ ಒಪ್ಪಿಸಿದ ದಪ್ಪ ಪುಸ್ತಕವಲ್ಲದೆ, ತಾನು ಕಂಡದ್ದನ್ನು ಎರಡು ಪುಟಗಳಲ್ಲಿ ಕನ್ನಡದಲ್ಲಿ ಬರೆದು ಅಂಗಡಿಯವರ ಕೈಗೆ ಕೊಟ್ಟು ಬರುವುದು ಯುಕ್ತ. ಉದ್ರಿಯ ಪಟ್ಟಿ ಅದರಲ್ಲಿದ್ದರೆ ಅವರು ಆ ಹಾಳೆಯನ್ನು ಗಲ್ಲಾಪೆಟ್ಟಿಗೆಯಲ್ಲಿಯೇ ಇಟ್ಟುಕೊಂಡಾರು.