ಬಣ್ಣದ ಆಲೂಗಡ್ಡೆ: ಇಳುವರಿ, ಗುಣಮಟ್ಟ ಮತ್ತು ಜನಪದ ಮೌಲ್ಯಮಾಪನ

ತಳಿಗಳ ಮೌಲ್ಯಮಾಪನವನ್ನು ಕೃಷಿವಿಜ್ಞಾನದ ಕ್ಷೇತ್ರವೆಂದು ಭಾವಿಸುವುದು ರೂಢಿ. ಆದರೆ ತಳಿಗೆ ಹೆಸರಿಟ್ಟ ಜನಪದರೂ ಮೌಲ್ಯಮಾಪಕರೇ ಎಂಬುದಕ್ಕೆ ಆಲೂಗಡ್ಡೆಯ ತವರಾದ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತ ಪ್ರದೇಶ ಉತ್ತಮ ನಿದರ್ಶನ. ಪೆರು ದೇಶದ ಕೆಚುವಾ ಭಾಷಿಕ ರೈತರು ಕೆಂಪು, ನೇರಳೆ, ಹಳದಿ ತಿರುಳಿನ ಹತ್ತಾರು ತಳಿಗಳನ್ನು ಒಂದೇ ಹೊಲದಲ್ಲಿ ಬೆರೆಸಿ ನೆಡುತ್ತಾರೆ. ಈ ಬೆರಕೆಗೆ ‘ಚಕ್ರು’ ಎಂದು ಹೆಸರು. ಹಿಮ, ರೋಗಗಳು ಕೆಲವು ತಳಿಗಳನ್ನು ಬಲಿತೆಗೆದುಕೊಂಡರೂ ಉಳಿದವು ಮನೆಯನ್ನು ಸಾಕುತ್ತವೆ.

ಅಲ್ಲಿನ ಗಂಟುಗಂಟಾದ ಒಂದು ಗಡ್ಡೆಯ ಹೆಸರು ‘ಕಚುನ್ ವಕಾಚಿ’. ‘ಸೊಸೆಯನ್ನು ಅಳಿಸುವುದು’ ಎಂದು ಅರ್ಥ. ತಿರುಳು ಹಾಳಾಗದಂತೆ ಇದರ ಸಿಪ್ಪೆ ಸುಲಿಯುವುದು ಮನೆಗೆ ಬರುವ ಹೆಣ್ಣಿಗೆ ಒಡ್ಡುವ ಪರೀಕ್ಷೆಯೆಂದು ಅಲ್ಲಿಯವರು ಹೇಳುತ್ತಾರೆ. ಅತ್ತೆ-ಸೊಸೆಯರ ಕಥನವನ್ನು ಬಲ್ಲ ನಮಗೆ ಇದರ ಹಾಸ್ಯ ಅಪರಿಚಿತವಲ್ಲ. ಆದರೆ ಸುಲಿಯುವಾಗಿನ ನಷ್ಟವು ಪ್ರಯೋಗಾಲಯವೂ ತೂಗಿ ನೋಡುವ ಒಂದು ಗುಣಮಾನವೆಂಬುದು ಇಲ್ಲಿ ಗಮನಾರ್ಹ.

ಇಳುವರಿಯನ್ನು ಹೆಕ್ಟೇರಿಗೆ ಎಷ್ಟು ಟನ್ ಎಂದು ಅಳೆದರೆ ದೇಸಿ ತಳಿಗಳು ಸಾಮಾನ್ಯವಾಗಿ ಸುಧಾರಿತ ತಳಿಗಳಿಗೆ ಸೋಲುತ್ತವೆ. ಈ ಅಳತೆಯಲ್ಲಿ ನೀರೂ ಸೇರಿದೆ. ಉದಾಹರಣೆಗೆ, ಶೇ. 18 ಒಣ ಅಂಶವಿರುವ 20 ಟನ್ ಬೆಳೆಯಿಂದ ದೊರೆಯುವ ಒಣ ಪದಾರ್ಥ 3.6 ಟನ್, ಶೇ. 25 ಒಣ ಅಂಶವಿರುವ 15 ಟನ್ ಬೆಳೆಯಿಂದ 3.75 ಟನ್. ಬೇಯಿಸಿದಾಗ ಹಿಟ್ಟುಹಿಟ್ಟಾಗಿ ಒಡೆಯುವ ಗಡ್ಡೆಯನ್ನು ಆಂಡಿಸ್‌ನ ಜನ ಮೆಚ್ಚುವುದರ ಹಿಂದೆ ಈ ಒಣ ಅಂಶವಿದೆ. ‘ರುಕಿ’ ಎಂಬ ಕಹಿ ತಳಿಗಳು ರುಚಿಯ ಪರೀಕ್ಷೆಯಲ್ಲಿ ಖಂಡಿತ ಅನುತ್ತೀರ್ಣ. ಆದರೆ ಹಿಮಕ್ಕೆ ಜಗ್ಗದ ಇವುಗಳನ್ನು ರಾತ್ರಿಯ ಹಿಮದಲ್ಲಿ ಹೆಪ್ಪುಗಟ್ಟಿಸಿ, ತುಳಿದು ನೀರು ಹಿಂಡಿ, ಬಿಸಿಲಿಗೆ ಒಣಗಿಸಿ ಮಾಡುವ ‘ಚುನ್ಯೊ’ ವರ್ಷಗಟ್ಟಲೆ ಕೆಡದೆ ಉಳಿಯುತ್ತದೆ.

ಇನ್ನು ಬಣ್ಣದ ವಿಚಾರ. ಕೆಂಪು, ನೇರಳೆಗಳಿಗೆ ಆಂಥೋಸಯನಿನ್‌ಗಳೂ ಹಳದಿಗೆ ಕೆರೋಟಿನಾಯ್ಡ್‌ಗಳೂ ಕಾರಣ. ಇವು ಉತ್ಕರ್ಷಣ ನಿರೋಧಕಗಳೆಂಬುದು ನಿಜವಾದರೂ ಗಾಢ ಬಣ್ಣವೆಲ್ಲವೂ ಪೋಷಣೆಯೆಂದು ತಿಳಿಯುವುದು ಅವಸರದ ತೀರ್ಮಾನ. ನೇರಳೆ ತಿರುಳಿನಲ್ಲಿ ಹೇರಳವಾಗಿರುವ ಪಾಲಿಫೀನಾಲ್‌ಗಳು ದೇಹವು ಕಬ್ಬಿಣವನ್ನು ಹೀರಿಕೊಳ್ಳುವುದಕ್ಕೆ ಅಡ್ಡಿಯಾಗಬಲ್ಲವು. ರಕ್ತಹೀನತೆಯಿರುವ ಸಮುದಾಯಕ್ಕೆ ತಳಿ ಆಯ್ದುಕೊಡುವವರು ಇದನ್ನು ಕಡೆಗಣಿಸುವಂತಿಲ್ಲ.

ಶಿಮ್ಲಾದ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆಯು ನೇರಳೆ ಸಿಪ್ಪೆಯ ತನ್ನ ತಳಿಗೆ ‘ಕುಫ್ರಿ ನೀಲಕಂಠ’ ಎಂದು ಹೆಸರಿಟ್ಟಿದೆ. ಶಿವನ ಕೊರಳಿನಂತೆ ಇಲ್ಲಿಯೂ ನೀಲಿ ಹೊರಗಷ್ಟೇ; ತಿರುಳು ಮಾಸಲು ಹಳದಿ. ಸಿಪ್ಪೆ ಸುಲಿದು ಪಲ್ಯ ಮಾಡುವ ಅಡುಗೆಮನೆಯಲ್ಲಿ ಅದರ ಆಂಥೋಸಯನಿನ್‌ನ ಬಹುಭಾಗ ಕಸದ ಬುಟ್ಟಿ ಸೇರುತ್ತದೆ. ಬೇಯಿಸುವ, ತಿನ್ನುವ ಕ್ರಮವನ್ನು ಬಿಟ್ಟು ಗುಣಮಟ್ಟವನ್ನು ನಿರ್ಧರಿಸಲಾಗದು. ಹೊರಗಿನಿಂದ ಬಿತ್ತನೆ ಗಡ್ಡೆ ತರಿಸುವ ಹಾಸನ ಸೀಮೆಯಲ್ಲಿ ‘ಕುಫ್ರಿ ಜ್ಯೋತಿ’ ಎಂಬಂತಹ ಹೆಸರು ಚೀಲದೊಡನೆಯೇ ಬರುತ್ತದೆ. ಆಂಡಿಸ್‌ನಲ್ಲಿ ಹೆಸರು ಹುಟ್ಟುವುದು ಹೊಲದಲ್ಲಿ, ಒಲೆಯ ಮುಂದೆ.

ಪೇಟೆಯು ಬಣ್ಣದ ಗಡ್ಡೆಗಳನ್ನು ಬಯಸತೊಡಗಿದಾಗ ಅದು ಆಯ್ದುಕೊಳ್ಳುವುದು ನುಣುಪಾದ, ಒಂದೇ ಗಾತ್ರದ ಒಂದೆರಡು ತಳಿಗಳನ್ನು. ಉಳಿದವು ಹೊಲದಿಂದ ಮರೆಯಾಗುವ ಅಪಾಯ ಇಲ್ಲಿದೆ. ಲಿಮಾದಲ್ಲಿ 1971ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರವು ಕುಸ್ಕೊ ಪ್ರಾಂತದ ‘ಆಲೂಗಡ್ಡೆ ಉದ್ಯಾನ’ದ ಕೆಚುವಾ ಸಮುದಾಯಗಳೊಂದಿಗೆ 2004ರಲ್ಲಿ ಒಪ್ಪಂದ ಮಾಡಿಕೊಂಡು, ಹಿಂದೆ ಸಂಗ್ರಹಿಸಿದ್ದ ತಳಿಗಳನ್ನು ವೈರಾಣುಮುಕ್ತಗೊಳಿಸಿ ಹಿಂದಿರುಗಿಸಿತು. ಗಡ್ಡೆಗಳು ಶೈತ್ಯಾಗಾರದಿಂದ ಮರಳಬಲ್ಲವು. ಅವುಗಳ ಹೆಸರು, ಕಥೆ, ಅಡುಗೆಯ ವಿವರಗಳು ಊರಿನ ಹಿರಿಯರ ನೆನಪಿನಲ್ಲಿ ಮಾತ್ರ ಇರುತ್ತವೆ.