ಪಕ್ಕದ ಕೋಣೆಯ ಡಿಸ್ಕ್

ಹಳೆಯ ಕಂಪ್ಯೂಟರೊಂದರ ಹಾರ್ಡ್ ಡಿಸ್ಕನ್ನು ಇನ್ನೊಂದು ಕಂಪ್ಯೂಟರು ತನ್ನೊಳಗಿನದೇ ಎಂಬಂತೆ ಬಳಸಬಹುದು. ಇದು ಆಫೀಸಿನ ಶೇರ್ಡ್ ಫೋಲ್ಡರಿನಂತಲ್ಲ. ಅಲ್ಲಿ ಫೈಲ್ ಕೇಳಿದರೆ ಫೈಲ್ ಸಿಗುತ್ತದೆ. ಇಲ್ಲಿ ಕೇಳುವುದು ಇಂತಿಷ್ಟನೇ ಬ್ಲಾಕ್ ಕೊಡು ಎಂದು. ಅದರಲ್ಲಿರುವುದು ಮದುವೆಯ ಫೋಟೊನೋ ಅಂಗಡಿಯ ಲೆಕ್ಕವೋ, ಕೊಡುವ ಯಂತ್ರಕ್ಕೆ ಗೊತ್ತಿಲ್ಲ. ಈ ವ್ಯವಹಾರದ ನಿಯಮಾವಳಿಯೇ ಐ-ಸ್ಕಸಿ. 2004ರಲ್ಲಿ ಮಾನದಂಡವಾಗಿ ಪ್ರಕಟವಾದ ಇದು ಡಿಸ್ಕಿಗೆ ಕೊಡುವ ಸ್ಕಸಿ ಆದೇಶಗಳನ್ನು ಮಾಮೂಲಿ ನೆಟ್‌ವರ್ಕಿನ ಮೇಲೆ ಸಾಗಿಸುತ್ತದೆ. ಡಿಸ್ಕ್ ಒದಗಿಸುವ ಯಂತ್ರ ಟಾರ್ಗೆಟ್, ಬಳಸುವ ಯಂತ್ರ ಇನಿಷಿಯೇಟರ್.

ಲಿನಕ್ಸ್‌ನಲ್ಲಿ ಟಾರ್ಗೆಟ್ ತಂತ್ರಾಂಶಗಳಿಗೆ ಕೊರತೆಯಿಲ್ಲ. 'ಟಿಜಿಟಿ' ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನೆಲ್‌ನ ಹೊರಗೆ ಸಾಮಾನ್ಯ ಪ್ರೋಗ್ರಾಮಿನಂತೆ ಓಡುತ್ತದೆ. ಅದು ಕುಸಿದರೂ ಯಂತ್ರ ನಿಲ್ಲುವುದಿಲ್ಲ, ಆದರೆ ದತ್ತಾಂಶ ಕರ್ನೆಲ್‌ಗೂ ಪ್ರೋಗ್ರಾಮಿಗೂ ನಡುವೆ ಓಡಾಡುವುದರಲ್ಲಿ ಸಮಯ ಹೋಗುತ್ತದೆ. ಕರ್ನೆಲ್‌ನೊಳಗಿನ ಸ್ಥಾನಕ್ಕಾಗಿ 'ಲಿಯೋ' ಮತ್ತು 'ಎಸ್‌ಸಿಎಸ್‌ಟಿ' ನಡುವೆ ಬಿರುಸಿನ ಪೈಪೋಟಿ ನಡೆದು, 2011ರ 2.6.38 ಆವೃತ್ತಿಯಲ್ಲಿ ಲಿಯೋ ಸೇರ್ಪಡೆಯಾಯಿತು. ಸೋತದ್ದು ಕಳಪೆಯೆಂದು ತಿಳಿಯಬೇಡಿ. ಸ್ಟೋರೇಜ್ ಸರ್ವರುಗಳಿಗೆಂದೇ ಇರುವ ಆಪರೇಟಿಂಗ್ ಸಿಸ್ಟಮ್ ಟ್ರೂನ್ಯಾಸ್‌ನ ಲಿನಕ್ಸ್ ಆವೃತ್ತಿ ಎಸ್‌ಸಿಎಸ್‌ಟಿಯನ್ನೇ ನೆಚ್ಚಿಕೊಂಡಿದೆ. ವಿಂಡೋಸ್ ಸರ್ವರ್‌ನಲ್ಲಿ 2012ರ ಆವೃತ್ತಿಯಿಂದಲೇ ಟಾರ್ಗೆಟ್ ಜೊತೆಗೆ ಬರುತ್ತದೆ.

ಹಾಗಾದರೆ ಯಾವುದು ವೇಗ? ಮನೆಯ ಮಟ್ಟಿಗೆ ಈ ಪ್ರಶ್ನೆಗೆ ತೂಕ ಕಡಿಮೆ. ಒಂದು ಗಿಗಾಬಿಟ್ ತಂತಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 125 ಮೆಗಾಬೈಟ್ ಹೋಗಬಹುದು. ದೊಡ್ಡ ಫೈಲುಗಳ ವಿಷಯದಲ್ಲಿ ಮೇಲಿನ ಯಾವ ತಂತ್ರಾಂಶವಾದರೂ ಆ ಮಿತಿಯ ಹತ್ತಿರ ಬರಬಲ್ಲದು. ವ್ಯತ್ಯಾಸ ಎದ್ದು ಕಾಣುವುದು 10 ಗಿಗಾಬಿಟ್ ತಂತಿ, ಎಸ್‌ಎಸ್‌ಡಿ ಎರಡೂ ಸೇರಿದಾಗ.

ನಿಜವಾಗಿ ನೋಡಬೇಕಾದ್ದು ಬೇರೆ: 'ಬರೆದಾಯಿತು' ಎಂದು ಟಾರ್ಗೆಟ್ ಹೇಳುವುದು ಯಾವಾಗ? ದತ್ತಾಂಶ ಡಿಸ್ಕ್ ತಲುಪಿದ ಮೇಲೋ, ಇನ್ನೂ ಮೆಮೊರಿಯಲ್ಲಿ, ಅಂದರೆ ಕ್ಯಾಶ್‌ನಲ್ಲಿ, ಇರುವಾಗಲೋ? ಎರಡನೆಯ ಬಗೆಯನ್ನು ರೈಟ್-ಬ್ಯಾಕ್ ಎನ್ನುತ್ತಾರೆ. ವೇಗಪರೀಕ್ಷೆಯಲ್ಲಿ ಅದು ಮಿಂಚುತ್ತದೆ. ಆದರೆ ಕರೆಂಟು ಹೋದ ಕ್ಷಣ, ಇನಿಷಿಯೇಟರ್ ಸುರಕ್ಷಿತವೆಂದು ನಂಬಿದ್ದ ಬ್ಲಾಕುಗಳು ಇಲ್ಲವಾಗಬಹುದು. ಆದ್ದರಿಂದ ಎರಡು ತಂತ್ರಾಂಶಗಳ ಅಂಕಿಗಳನ್ನು ಹೋಲಿಸುವ ಮೊದಲು ಎರಡರಲ್ಲೂ ಈ ಒಂದು ಆಯ್ಕೆ ಸಮನಾಗಿದೆಯೇ ಎಂದು ನೋಡಿ. ಇಲ್ಲದಿದ್ದರೆ ನೀವು ಹೋಲಿಸುತ್ತಿರುವುದು ತಂತ್ರಾಂಶಗಳನ್ನಲ್ಲ, ಕ್ಯಾಶ್‌ಗಳನ್ನು.

ಇನ್ನೊಂದು ಅಪಾಯವನ್ನು ಯಾವ ತಂತ್ರಾಂಶವೂ ತಾನಾಗಿ ತಪ್ಪಿಸದು. ಇಎಕ್ಸ್‌ಟಿ4 ಅಥವಾ ಎನ್‌ಟಿಎಫ್‌ಎಸ್ ಇರುವ ಒಂದೇ ಡಿಸ್ಕಿಗೆ ಎರಡು ಕಂಪ್ಯೂಟರುಗಳು ಏಕಕಾಲಕ್ಕೆ ಬರೆದರೆ ಫೈಲ್ ಸಿಸ್ಟಮ್ ಕೆಡುತ್ತದೆ, ಏಕೆಂದರೆ ಒಂದು ಬರೆದದ್ದು ಇನ್ನೊಂದಕ್ಕೆ ತಿಳಿಯುವುದೇ ಇಲ್ಲ.

ಲಿನಕ್ಸ್ ಆಜ್ಞೆಗಳು ರೂಢಿಯಿದ್ದವರಿಗೆ ಲಿಯೋ, ಇಲ್ಲದವರಿಗೆ ಟ್ರೂನ್ಯಾಸ್ ನನ್ನ ಆಯ್ಕೆ. ಯಾವುದನ್ನೇ ಹೂಡಿದರೂ ಯುಪಿಎಸ್ ಇರಲಿ, ಬ್ಯಾಕಪ್ ಬೇರೆ ಡಿಸ್ಕಿನಲ್ಲಿರಲಿ.